ಹಂಗೇ ಕುಂತೀನಿ

ಎರಡು ವರ್ಷ ನನ್ನ ಚೀಲದಲ್ಲಿ ಎರಡು ಬೀಗದ ಕೈ ಗೊಂಚಲು ಇದ್ದವು. ಒಂದು ನಮ್ಮ ಮನೆಯದು, ಇನ್ನೊಂದು ಬಳ್ಳಾರಿ ಕೌಲ್ ಬಜಾರಿನ ತವರುಮನೆಯದು. ಪ್ರತಿ ಶನಿವಾರ ಮಧ್ಯಾಹ್ನ ಶಾಲೆಯಿಂದ ನೇರ ಅಲ್ಲಿಗೆ ಹೋಗಿ ಕಿಟಕಿ ತೆರೆದು, ಮೇಜು ಕುರ್ಚಿಯ ಮೇಲೆ ಕೂತ ಕೆಂಧೂಳು ಒರೆಸಿ, ಹಿತ್ತಲ ನುಗ್ಗೆಗಿಡಕ್ಕೂ ಮಲ್ಲಿಗೆ ಬಳ್ಳಿಗೂ ನೀರು ಬಿಟ್ಟು ಬರುತ್ತಿದ್ದೆ. ಬೀಗ ತೆಗೆದ ಸದ್ದಾದರೆ ಸಾಕು, ಎದುರುಮನೆಯ ದೊಡ್ಡಮ್ಮ ಕಟ್ಟೆಗೆ ಬಂದು ನಿಲ್ಲುತ್ತಿದ್ದರು. "ಇನ್ನಾ ಬರ್ಲಿಲ್ಲೇನವ್ವಾ ನಿಮ್ಮವ್ವ, ನಿಮ್ಮಪ್ಪ? ಈ ವಯಸ್ಸಿನಾಗೆ ಆ ದೇಶದಾಗೆ ಏನೈತವ್ವಾ ಅವರಿಗೆ?" ಕೆಟ್ಟ ಮನಸ್ಸಿನಿಂದ ಕೇಳಿದ ಮಾತಲ್ಲ ಅದು. ಮೂವತ್ತು ವರ್ಷ ಮಜ್ಜಿಗೆ, ಕರಿಬೇವು, ಸಾವು-ನೋವು ಹಂಚಿಕೊಂಡ ನೆರೆಮನೆಯ ಜೀವ ಅವ್ವನಿಲ್ಲದೆ ಬೇಸರಪಟ್ಟು ಕೇಳುತ್ತಿದ್ದದ್ದು. "ಸೇವೆಗೆ ಹೋಗ್ಯಾರೆ ದೊಡ್ಡಮ್ಮ, ಬರ್ತಾರೆ" ಅಂದು ನಾನು ಒಳಗೆ ಹೋಗಿಬಿಡುತ್ತಿದ್ದೆ. ಆ 'ಸೇವೆ' ಅನ್ನೋ ಮಾತು ಹೇಳುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತಿತ್ತು. ದೊಡ್ಡಮ್ಮ ಬಾಯಿಬಿಟ್ಟು ಕೇಳಿದ್ದನ್ನು ನಾನು ಬಾಯಿಮುಚ್ಚಿಕೊಂಡು ಕೇಳುತ್ತಿದ್ದೆ, ಅಷ್ಟೇ.

ಅಪ್ಪ ಗಣಿತದ ಮೇಷ್ಟ್ರಾಗಿ, ಅವ್ವ ಸರ್ಕಾರಿ ಆಸ್ಪತ್ರೆಯ ನರ್ಸಾಗಿ ನಿವೃತ್ತರಾದವರು. 2023ರ ಜನವರಿಯಲ್ಲಿ ಹೊರಟಾಗ ಅಪ್ಪನಿಗೆ 65, ಅವ್ವನಿಗೆ 62. ನಮ್ಮ ಸಭೆಯ, ಅಂದರೆ ಚರ್ಚಿನ ಮೂಲಕ ಆಫ್ರಿಕಾದ ಜಾಂಬಿಯಾದಲ್ಲಿ ಎರಡು ವರ್ಷದ ಸೇವೆ. ಸಂಬಳ ಇಲ್ಲ. ವಿಮಾನದ ಖರ್ಚು ಅಪ್ಪನ ನಿವೃತ್ತಿಯ ದುಡ್ಡಿನಿಂದ. ಇರೋದಕ್ಕೆ ಮಿಷನ್ ಆಸ್ಪತ್ರೆಯ ಆವರಣದಲ್ಲೇ ಎರಡು ಕೋಣೆಯ ಮನೆ. ಬೀಳ್ಕೊಡುವ ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನವರು ಇಬ್ಬರನ್ನೂ ಮುಂದೆ ಕರೆದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಹೆಂಗಸರು ಅತ್ತರು. ನಾನು ಮಾತ್ರ ಅವ್ವನ ಸೂಟ್‌ಕೇಸಿನ ತೂಕದ ಬಗ್ಗೆಯೇ ಯೋಚಿಸುತ್ತಿದ್ದೆ. ಐದು ಕಿಲೋ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಬ್ಬಿಣದ ರೊಟ್ಟಿ ಹಂಚು. ಹಂಚು ಬೇಡವೆಂದು ಎರಡು ಸಲ ತೆಗೆದಿಟ್ಟೆ. ಎರಡು ಸಲವೂ ಅವ್ವ ಸುಮ್ಮನೆ ಎತ್ತಿ ಸೀರೆಗಳ ನಡುವೆ ಸೇರಿಸಿದಳು.

ಬಂದವರು, ಹೋದವರು

ನಮ್ಮ ಬಾಯಲ್ಲಿ ಮಿಷನರಿ ಅಂದರೆ ಬಂದವರು. ಭಾನುವಾರದ ಶಾಲೆಯಲ್ಲಿ ನಾವು ಕಲಿತದ್ದು ಹಾಗೆಯೇ. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು, ಇಲ್ಲಿನ ಜನರ ನಡುವೆ ಕೂತು ಕನ್ನಡ ಕಲಿತರು, ಆಮೇಲೆ ವಿಲಿಯಂ ರೀವ್ ಜೊತೆಯಾದರು. 1831ಕ್ಕೆ ಇಡೀ ಸತ್ಯವೇದ, ಅಂದರೆ ಬೈಬಲ್, ಕನ್ನಡದಲ್ಲಿ ಬಂತು. ಮರುವರ್ಷವೇ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಕಿಟೆಲ್ ನಿಘಂಟಿಗೆ ಆಗಿನ್ನೂ 62 ವರ್ಷ ಬಾಕಿ ಇತ್ತು. ಚಿಕ್ಕವಳಿದ್ದಾಗ ನನಗೆ ಈ ಕಥೆಯಲ್ಲಿ ಬಲು ಇಷ್ಟವಾಗುತ್ತಿದ್ದದ್ದು ಆ ಇಪ್ಪತ್ತು ವರ್ಷ. ಒಬ್ಬ ದೊಡ್ಡ ಮನುಷ್ಯ ಇಪ್ಪತ್ತು ವರ್ಷ ನಮ್ಮೂರಲ್ಲಿ 'ಇದಕ್ಕೆ ಏನಂತೀರಿ, ಅದಕ್ಕೆ ಏನಂತೀರಿ' ಅಂತ ಮಕ್ಕಳ ಹಾಗೆ ಕೇಳುತ್ತಾ ತಿರುಗಿರಬೇಕಲ್ಲ ಎಂದು ಬೆರಗು. ಹಾಗೆ ಕೇಳುತ್ತಾ ತಿರುಗುವವರು ನಮ್ಮ ಮನೆಯಿಂದಲೇ ಹೊರಡುತ್ತಾರೆಂದು ಮಾತ್ರ ಎಂದೂ ಅಂದುಕೊಂಡಿರಲಿಲ್ಲ.

ಅಪ್ಪ ಇದನ್ನು ಬೇರೆ ಥರ ನೋಡುತ್ತಿದ್ದ. ಬಳ್ಳಾರಿಗೆ ಬಂದ ಅದೇ ಸೊಸೈಟಿ 1900ರಲ್ಲಿ ಜಾಂಬಿಯಾದ ಉತ್ತರಕ್ಕೆ, ಲುವಾಪುಲಾ ನದಿಯ ಸೀಮೆಯ ಎಂಬೆರೆಶಿಗೆ ಹೋಗಿ ನೆಲೆ ನಿಂತಿತ್ತು. 1915ರಲ್ಲಿ ಮೇಬಲ್ ಶಾ ಎಂಬ ಹೆಣ್ಣುಮಗಳು ಅಲ್ಲಿ ಹುಡುಗಿಯರಿಗೆ ವಸತಿಶಾಲೆ ತೆರೆದರು. ಇಲ್ಲಿ 1947ರಲ್ಲಿ ಹಲವು ಸಭೆಗಳು ಸೇರಿ ದಕ್ಷಿಣ ಭಾರತ ಸಭೆಯಾಯಿತು, ಅಲ್ಲಿ 1965ರಲ್ಲಿ ಹಾಗೆಯೇ ಕೂಡಿ ಯುನೈಟೆಡ್ ಚರ್ಚ್ ಆಫ್ ಜಾಂಬಿಯಾ ಆಯಿತು. 1977ರಲ್ಲಂತೂ ಆ ಹಳೆಯ ಸೊಸೈಟಿಯೇ ಕೌನ್ಸಿಲ್ ಫಾರ್ ವರ್ಲ್ಡ್ ಮಿಷನ್ ಎಂಬ ಹೊಸ ರೂಪ ತಳೆದು, ಲಂಡನ್ನಿನಿಂದ ಕಳಿಸುವುದು, ಉಳಿದವರು ಪಡೆಯುವುದು ಅನ್ನೋ ಪದ್ಧತಿ ಬಿಟ್ಟು, ಎಲ್ಲ ಸಭೆಗಳೂ ಕಳಿಸಬೇಕು, ಎಲ್ಲ ಸಭೆಗಳೂ ಬರಮಾಡಿಕೊಳ್ಳಬೇಕು ಎಂಬ ಒಪ್ಪಂದಕ್ಕೆ ಬಂತು. "ಇನ್ನೂರು ವರ್ಷ ಬಂದೋರ ಉಂಡ ಎಲಿ ನಾವು ತೆಗ್ದೀವಿ, ಒಂದ್ಸಲ ನಾವೂ ಒಬ್ಬರ ಮನಿಗೆ ಹೋಗಿ ಉಣಬಾರದೇನು?" ಎಂದಿದ್ದ ಅಪ್ಪ. ಉಣಬಾರದೇನು ಅಂದದ್ದನ್ನು ನಾನು ಆವಾಗ ಗಮನಿಸಲಿಲ್ಲ. ಬಡಿಸೋದಕ್ಕೆ ಹೋಗ್ತಿದ್ದಾರೆ ಎಂದೇ ನನ್ನ ತಲೆಯಲ್ಲಿತ್ತು.

ಮತ ಬದಲಾಯಿಸೋದಕ್ಕೆ ಹೋಗಿದ್ದಾರಾ ಎಂದು ಶಾಲೆಯಲ್ಲಿ ಒಬ್ಬಿಬ್ಬರು ಕೇಳಿದರು. ಪ್ರಶ್ನೆ ಸಹಜವೇ. ಆದರೆ ಜಾಂಬಿಯಾದಲ್ಲಿ ಹೆಚ್ಚುಕಡಿಮೆ ಎಲ್ಲರೂ ಕ್ರೈಸ್ತರೇ. 1991ರಲ್ಲಿ ಅಲ್ಲಿನ ಅಧ್ಯಕ್ಷರು ಅದನ್ನು ಕ್ರೈಸ್ತ ರಾಷ್ಟ್ರವೆಂದೇ ಘೋಷಿಸಿದರು. ಅಲ್ಲಿನ ಜನರ ಹಾಡು, ಪ್ರಾರ್ಥನೆ, ಉಪವಾಸದ ಮುಂದೆ ನಮ್ಮದು ಏನೇನೂ ಅಲ್ಲ ಎಂದು ಅವ್ವ ಮೊದಲ ತಿಂಗಳೇ ಹೇಳಿದಳು. ಹಾಗಾದರೆ ಇವರು ಅಲ್ಲಿಗೆ ಹೋಗಿದ್ದಾದರೂ ಯಾಕೆ?

ಪುಂಡಿ ಸೊಪ್ಪು

ಅವರು ಹೋಗಿ ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಅವ್ವನ ವಿಡಿಯೊ ಕರೆ. ಅಲ್ಲಿ ಹೊತ್ತು ನಮಗಿಂತ ಮೂರೂವರೆ ತಾಸು ಹಿಂದೆ. ಆಗಷ್ಟೇ ಸಂತೆ ಕಟ್ಟುತ್ತಿತ್ತು. ಪರದೆ ಪೂರ್ತಿ ಹಸಿರು, ಅಲ್ಲಾಡುತ್ತಿದೆ, ಅವ್ವನ ಮುಖ ಕಾಣುತ್ತಿಲ್ಲ, ದನಿ ಮಾತ್ರ ಕೇಳುತ್ತಿದೆ. "ನೋಡಿಲ್ಲಿ, ನೋಡಿಲ್ಲಿ, ಏನೈತೆ ನೋಡು!" ಕೊನೆಗೆ ಫೋನು ಹಿಂದೆ ಸರಿಸಿದಳು. ನೆಲದ ಮೇಲೆ ಹಾಸಿದ ಹೂವಿನ ಚಿಟೆಂಗೆ, ಅಲ್ಲಿನ ಹೆಂಗಸರು ಸೊಂಟಕ್ಕೆ ಸುತ್ತುವ ಬಟ್ಟೆ, ಅದರ ಮೇಲೆ ಗುಡ್ಡೆ ಗುಡ್ಡೆ ಸೊಪ್ಪು. ಕೆಂಪು ದೇಟು, ಸೀಳಿದ ಎಲೆ. ಪುಂಡಿ! ಅವ್ವ ಒಂದು ಎಲೆ ಕಿತ್ತು ಬಾಯಿಗಿಟ್ಟು, ಹುಳಿಗೆ ಒಂದು ಕಣ್ಣು ಮುಚ್ಚಿ ನಕ್ಕಳು. ಸೊಪ್ಪು ಮಾರುವವಳೂ ನಕ್ಕಳು. "ಲುಮಾಂಡಾ" ಎಂದಳು ಅವಳು. "ಪುಂಡಿ" ಎಂದಳು ಅವ್ವ. ಇಬ್ಬರೂ ಒಬ್ಬರ ಮಾತು ಇನ್ನೊಬ್ಬರು ಎರಡೆರಡು ಸಲ ಹೇಳಿ ನೋಡಿದರು.

ನಮ್ಮಲ್ಲಿ ಪುಂಡಿಪಲ್ಯಕ್ಕೆ ತೊಗರಿಬೇಳೆ, ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆ ಬೇಕು. ಅಲ್ಲಿ ಸೊಪ್ಪನ್ನು ಕುಟ್ಟಿದ ಶೇಂಗಾ ಹಾಕಿ ಬೇಯಿಸುತ್ತಾರೆ, ಅದಕ್ಕೆ ಇಫಿಸಾಶಿ ಎನ್ನುತ್ತಾರೆ. ಜೊತೆಗೆ ಉಬ್ವಾಲಿ, ಬಿಳಿ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಹೆಬ್ಬೆರಳಿನಿಂದ ಕುಳಿ ಒತ್ತಿ, ಪಲ್ಯ ತುಂಬಿಸಿ ಬಾಯಿಗಿಡುವುದು. ಅಪ್ಪನಿಗೆ ಲೆಕ್ಕ ಹಚ್ಚುವ ಹುಚ್ಚು, ಸುಮ್ಮನಿರಲಿಲ್ಲ, ಓದಿ ನನಗೆ ಉದ್ದ ಸಂದೇಶ ಕಳಿಸಿದ. ನಮ್ಮ ಜೋಳ ಮೊದಲು ಬೆಳೆಯಾದದ್ದು ಆಫ್ರಿಕಾದ ಸುಡಾನ್ ಕಡೆಯ ನೆಲದಲ್ಲಿ. ಸಜ್ಜೆಯ ತವರು ಪಶ್ಚಿಮ ಆಫ್ರಿಕಾ. ಪುಂಡಿಯೂ ಆ ಖಂಡದ್ದೇ. ಸಾವಿರಾರು ವರ್ಷದ ಹಿಂದೆ ಯಾರೋ ಬೀಜ ಹೊತ್ತು ಹಡಗು ಹತ್ತಿದ್ದಕ್ಕೆ ನಮ್ಮ ಎರೆಭೂಮಿಯಲ್ಲಿ ರೊಟ್ಟಿ ಆಯಿತು. ಅಲ್ಲಿ ಈಗ ಅವರು ಉಣ್ಣುವ ಮೆಕ್ಕೆಜೋಳ, ನಾವಿಬ್ಬರೂ ತಿನ್ನುವ ಶೇಂಗಾ ಎರಡೂ ಅಮೆರಿಕ ಖಂಡದಿಂದ ಬಂದವು. "ನಾವು ಐದು ಕಿಲೋ ಜೋಳದ ಹಿಟ್ಟು ಅದರ ತವರುಮನಿಗೇ ಹೊತ್ತು ತಂದೀವಿ ಮಗಳೇ" ಎಂದು ಬರೆದಿದ್ದ.

ಆ ಸಂದೇಶ ಓದಿ ನನಗೆ ಮೊದಲ ಸಲ ಅವರ ಬಗ್ಗೆ ಭಯ ಕಡಿಮೆಯಾಯಿತು. ಅಲ್ಲಿನ ಬೆಂಬಾ ಭಾಷೆಯಲ್ಲಿ ಹಿರಿಯರಿಗೆ ಬಹುವಚನ ಹಚ್ಚುತ್ತಾರಂತೆ. ಅಪ್ಪ ಅಲ್ಲಿ ಬಾಟಾಟಾ, ಅವ್ವ ಬಾಮಾಯೋ. ಮಾತಿನ ಕೊನೆಗೆ 'ಮುಕ್ವಾಯ್' ಸೇರಿಸಿದರೆ ಮರ್ಯಾದೆ, ನಮ್ಮ 'ರೀ' ಇದ್ದ ಹಾಗೆ. ನಟೊಟೆಲಾ ಮುಕ್ವಾಯ್ ಅಂದರೆ ಉಪಕಾರವಾಯ್ತುರೀ. ಉಪ್ಪು ಎಲ್ಲಿ ಸಿಗುತ್ತೆ, ನೀರು ಯಾವಾಗ ಬರುತ್ತೆ, ಇದ್ದಿಲು ಒಲೆ ಹೊತ್ತಿಸೋದು ಹೇಗೆ ಎಂದು ಎಲ್ಲವನ್ನೂ ಪಕ್ಕದ ಮನೆಯ ಹದಿನೈದು ವರ್ಷದ ಹುಡುಗಿಯನ್ನು ಕೇಳಿ ಕಲಿಯಬೇಕಿತ್ತು. ಊರಲ್ಲಿ ಎಲ್ಲರೂ ಕೇಳಿಕೊಂಡು ಬರುತ್ತಿದ್ದ ಇಬ್ಬರು, ಅಲ್ಲಿ ದಿನಬೆಳಗಾದರೆ ಕೇಳುವವರಾದರು. ಅಪ್ಪ ಮತ್ತೆ ಸೈಕಲ್ ತುಳಿಯತೊಡಗಿದ. ಆಸ್ಪತ್ರೆಯ ದಾಸ್ತಾನು ಪುಸ್ತಕ ಬರೆಯೋದು, ಸಂಜೆ ಸೋಲಾರ್ ದೀಪದ ಕೆಳಗೆ ಹನ್ನೆರಡನೇ ತರಗತಿಯ ಹುಡುಗರಿಗೆ ಬೀಜಗಣಿತ ಹೇಳೋದು ಅವನ ಕೆಲಸವಾಯಿತು. ನವೆಂಬರ್ ಬಂದರೆ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಬೇಕಲ್ಲ, ಅದಕ್ಕೆಂದು ಇಡೀ ದಿನ ಬಸ್ಸಿನಲ್ಲಿ ಕೂತು ಲುಸಾಕಾದ ನಮ್ಮ ರಾಯಭಾರ ಕಚೇರಿಗೆ ಹೋಗಿ ಬಂದ.

ಸೂಜಿ ಮುಟ್ಟದ ನರ್ಸು

ಅವ್ವನ ವಿಷಯ ಅಷ್ಟು ಸರಳ ಇರಲಿಲ್ಲ. ಬೇರೆ ದೇಶದವರು ಅಲ್ಲಿನ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಇಲ್ಲದೆ ನರ್ಸ್ ಕೆಲಸ ಮಾಡುವಂತಿಲ್ಲ. ಅದು ಸರಿಯಾದ ಕಾಯಿದೆ, ನಮ್ಮಲ್ಲೂ ಹಾಗೇ. ಎರಡು ವರ್ಷದ ಮಟ್ಟಿಗೆ ಹೋದ 62ರ ಹೆಂಗಸು ಆ ದಾರಿ ಹಿಡಿಯಲಿಲ್ಲ. ಮೂವತ್ತ್ಮೂರು ವರ್ಷ ಹೆರಿಗೆ ವಾರ್ಡಿನಲ್ಲಿ ನಿಂತ ಕೈ ಅಲ್ಲಿ ಒಂದು ಸೂಜಿ ಮುಟ್ಟುವ ಹಾಗಿರಲಿಲ್ಲ. ಹಾಗಾದರೆ ಏನು ಮಾಡುತ್ತೀ ಎಂದು ಕೇಳಿದರೆ, "ಕುಂದರ್ತೀನಿ" ಎಂದಳು.

ಆಸ್ಪತ್ರೆಯ ಪಕ್ಕ ಬಸುರಿಯರು ಕಾಯುವ ಒಂದು ಕಟ್ಟಡ ಇದೆ. ದೂರದ ಹಳ್ಳಿಗಳಿಂದ, ಕೆರೆಯ ದಂಡೆಯ ಮೀನುಗಾರರ ಕೇರಿಗಳಿಂದ, ದಿನ ತುಂಬುವ ಎರಡು ಮೂರು ವಾರ ಮೊದಲೇ ಬಂದು ಅಲ್ಲಿ ಉಳಿಯುತ್ತಾರೆ. ಹೆರಿಗೆ ನೋವು ಬಂದ ಮೇಲೆ ಅಷ್ಟು ದೂರ ಸೈಕಲ್ ಮೇಲೆ ಬರಲು ಆಗುವುದಿಲ್ಲವಲ್ಲ. ಹಿಟ್ಟು, ಪಾತ್ರೆ, ಇದ್ದಿಲು ಎಲ್ಲ ತಾವೇ ತಂದಿರುತ್ತಾರೆ. ಅಲ್ಲಿ ಚಾಪೆಯ ಮೇಲೆ ಅವ್ವ ಕೂರುತ್ತಿದ್ದಳು. ಮೊದಲ ತಿಂಗಳು ಅವಳಿಗೆ ತಡೆಯಲಾಗುತ್ತಿರಲಿಲ್ಲ. ಯಾರದ್ದೋ ಪಾದದ ಬಾವು ಕಂಡರೆ ಕೈ ತಾನೇ ಮುಂದೆ ಹೋಗುತ್ತಿತ್ತು. ಒಳಗಿನ ಸಿಸ್ಟರನ್ನು ಕರೆದು ಹೇಳುವುದಷ್ಟೇ ಅವಳ ಪಾಲು. ರಾತ್ರಿ ಮನೆಗೆ ಬಂದು ಅಪ್ಪನ ಮುಂದೆ ಅತ್ತಿದ್ದಾಳೆ, ನನ್ನ ಕೈ ಕಟ್ಟಿಹಾಕಿ ಕರ್ಕೊಂಡು ಬಂದ್ರಿ ಎಂದು.

ಒಬ್ಬ ಹುಡುಗಿಯ ಕಥೆ ಅವಳು ನನಗೆ ಹಿಂತಿರುಗಿದ ಮೇಲೆ ಹೇಳಿದ್ದು. ಚೊಚ್ಚಲ ಬಸುರಿ, ಹೆತ್ತ ತಾಯಿ ಇಲ್ಲ, ಯಾರೊಂದಿಗೂ ಮಾತಿಲ್ಲ, ಗೋಡೆಗೆ ಮುಖ ಮಾಡಿ ಮಲಗುವವಳು. ಅವ್ವ ಶೇಂಗಾ ಸುಲಿಯುತ್ತಾ ಕೂತಿದ್ದಳು. ಮಾರನೇ ದಿನ ಹುಡುಗಿ ಎದ್ದು ಕೂತಳು. ಅದರ ಮಾರನೇ ದಿನ ಬಂದು ಮೊರದ ಆಚೆ ಬದಿಗೆ ಕೂತು ತಾನೂ ಸುಲಿಯತೊಡಗಿದಳು. ಮಾತಿಲ್ಲ. ಮೊರದಲ್ಲಿ ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ, ನಡುವೆ ನಾಲ್ಕು ಕೈ. ನಾಲ್ಕನೇ ದಿನ ಅವ್ವನ ಬಲಗೈ ಹಿಡಿದು, ಅಂಗೈಗೆ ಅಂಟಿದ ಕೆಂಪು ಹೊಟ್ಟನ್ನು ತನ್ನ ಚಿಟೆಂಗೆಯಿಂದ ಒರೆಸಿ, ಆ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಕೂಸು ಒದೆಯುತ್ತಿತ್ತು. "ಎಷ್ಟು ಸಾವಿರ ಹೊಟ್ಟಿ ಮುಟ್ಟೀನೋ ಏನೋ. ಮುಟ್ಟಿದ ಕೂಡಲೇ ತಲೆ ಎಲ್ಲೈತೆ, ಎಷ್ಟು ವಾರ, ಬಡಿತ ಎಷ್ಟು ಅಂತ ಲೆಕ್ಕ. ಆವತ್ತು ಲೆಕ್ಕ ಹಾಕಲೇ ಇಲ್ಲ ನೋಡು. ಸುಮ್ಮನೆ ಮುಟ್ಟಿದೆ" ಎಂದಳು ಅವ್ವ. ಹೇಳುವಾಗ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು.

ಇದನ್ನು ಕೇಳುತ್ತಾ ನನ್ನ ಎದೆ ಉರಿಯುತ್ತಿತ್ತು. ಅದನ್ನೂ ಬರೆಯಲೇಬೇಕು.

ಹತ್ತೊಂಬತ್ತನೇ ಗೇಟು

2024ರ ಆಗಸ್ಟಿನಲ್ಲಿ ನನ್ನ ಎರಡನೇ ಹೆರಿಗೆ. ನಮ್ಮ ಕಡೆ ಬಾಣಂತನ ಅಂದರೆ ತವರು. ಎಣ್ಣೆನೀರು, ಲೋಬಾನದ ಹೊಗೆ, ಅಂಟಿನುಂಡೆ, ತಲೆಗೆ ಬಿಗಿದು ಕಟ್ಟಿದ ಬಟ್ಟೆ ಎಲ್ಲಕ್ಕೂ ಅವ್ವನ ಕೈಯೇ ಆಗಬೇಕು. ಅವ್ವನಿಗೆ ಏಪ್ರಿಲ್‌ನಲ್ಲೇ ದಿನಾಂಕ ಹೇಳಿದ್ದೆ. ಆ ಕಡೆ ತುಸು ಹೊತ್ತು ಸದ್ದಿಲ್ಲ. ಆಮೇಲೆ, "ಬರ್ಲೇನು?" ಎಂದಳು. ಬರ್ತೀನಿ ಅನ್ನಲಿಲ್ಲ, ಬರ್ಲೇನು ಅಂದಳು. ಆ ಒಂದು ಪ್ರಶ್ನೆಗೆ ನಾನು ಎಷ್ಟು ರಾತ್ರಿ ಕೋಪ ಮಾಡಿಕೊಂಡೆನೋ. "ಬ್ಯಾಡ ಬಿಡು, ಅತ್ತೆ ಅದಾರಲ್ಲ" ಅಂದೆ. ಬ್ಯಾಡ ಅಂದರೆ ಬಾ ಅಂತ ಅರ್ಥ ಅನ್ನೋದು ತಾಯಿಗೆ ಗೊತ್ತಾಗಬೇಕಲ್ಲವೇ? ಅವಳು ಬರಲಿಲ್ಲ.

ಆಗಸ್ಟ್ 10, ಶನಿವಾರ ರಾತ್ರಿ ನನ್ನನ್ನು ನರ್ಸಿಂಗ್ ಹೋಮಿಗೆ ಸೇರಿಸಿದರು. ಅದೇ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋಯಿತು. ಬೆಳಗಿನ ಜಾವ ನಾನು ಹೆತ್ತೆ, ಹೆಣ್ಣುಕೂಸು. ಕಣ್ಣು ಬಿಟ್ಟಾಗ ಕಾರಿಡಾರಿನಲ್ಲಿ ಎಲ್ಲರ ಬಾಯಲ್ಲೂ ಗೇಟಿನ ಮಾತೇ. ಅತ್ತೆಯವರ ತವರು ಸಿರುಗುಪ್ಪದ ಕಡೆ, ನದಿ ದಂಡೆಯ ಭತ್ತದ ಗದ್ದೆ. ಕೂಸನ್ನು ಎದೆಗೊತ್ತಿಕೊಂಡೇ ತಮ್ಮನಿಗೆ ಫೋನು ಹಚ್ಚಿ, ದನ ಮೇಲಕ್ಕೆ ಹೊಡ್ದಿಯೇನಪ್ಪಾ ಎಂದು ಕೇಳುತ್ತಿದ್ದರು. ಒಂದು ಕಡೆ ನೀರು ನುಗ್ಗೀತೆಂಬ ಭಯ, ಇನ್ನೊಂದು ಕಡೆ ತುಂಬಿದ ಡ್ಯಾಮ್ ಖಾಲಿಯಾದರೆ ಬೆಳೆಗೆ ನೀರೆಲ್ಲಿ ಎಂಬ ಭಯ. ವಾರದೊಳಗೆ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆ ಇಳಿಸಿ ನೀರು ತಡೆದರು ಅನ್ನಿ. ಆದರೆ ಆ ವಾರದಲ್ಲೂ ಅತ್ತೆಯವರು ನನಗೆ ಒಂದು ಹೊತ್ತಿನ ಬಿಸಿನೀರೂ ತಪ್ಪಿಸಲಿಲ್ಲ.

ಅವ್ವನಿಗೆ ಸುದ್ದಿ ಮುಟ್ಟಿದ್ದು ಮಾರನೇ ದಿನ. ಆ ವರ್ಷ ಜಾಂಬಿಯಾದಲ್ಲಿ ಭೀಕರ ಬರ. ಫೆಬ್ರವರಿಯಲ್ಲೇ ಸರ್ಕಾರ ರಾಷ್ಟ್ರೀಯ ವಿಪತ್ತೆಂದು ಸಾರಿತ್ತು. ಅವ್ವ-ಅಪ್ಪ ಇದ್ದ ಉತ್ತರದಲ್ಲಿ ಮಳೆಗೆ ಅಷ್ಟು ಕೊರತೆ ಇರಲಿಲ್ಲ. ಆದರೆ ಆ ದೇಶದ ಕರೆಂಟು ಬಹುಪಾಲು ನೀರಿನಿಂದಲೇ, ಕರಿಬಾ ಜಲಾಶಯ ತಳ ಕಂಡಿತ್ತು. ದಿನದ ಬಹುಪಾಲು ಕರೆಂಟಿಲ್ಲ, ಟವರಿಲ್ಲ, ಫೋನಿಲ್ಲ. ಒಂದು ಡ್ಯಾಮಿನಲ್ಲಿ ನೀರು ನಿಲ್ಲದೆ ಇಲ್ಲಿ ನಾವು ಕಂಗಾಲು, ಇನ್ನೊಂದರಲ್ಲಿ ನೀರೇ ಇಲ್ಲದೆ ಅಲ್ಲಿ ಅವರು. ಭಾನುವಾರವಿಡೀ ನನ್ನ ಗಂಡ ಫೋನು ಹಚ್ಚುತ್ತಲೇ ಇದ್ದರು. ಸೋಮವಾರ ಬೆಳಿಗ್ಗೆ ತಾಗಿತು. ಅಪ್ಪ "ಗೇಟು ಏನಾತು?" ಎಂದ, ಯಾರೋ ಅವನಿಗೆ ಡ್ಯಾಮಿನ ಸುದ್ದಿ ಮೊದಲು ಮುಟ್ಟಿಸಿದ್ದರು. ಅವ್ವ ಏನೂ ಅನ್ನಲಿಲ್ಲ. ಕೂಸಿನ ಅಳು ಕೇಳುವವರೆಗೂ ಸುಮ್ಮನಿದ್ದು, ಅದು ಅತ್ತ ಮೇಲೆ ತಾನೂ ಅತ್ತಳು.

ಆ ಶನಿವಾರ ರಾತ್ರಿ ಏನಾಯಿತೆಂದು ನನಗೆ ಗೊತ್ತಾದದ್ದು ತಿಂಗಳುಗಳ ನಂತರ, ಅದೂ ಅಪ್ಪನಿಂದ. ಫೋನು ತಾಗದೆ ಅವ್ವ ಮನೆಯಲ್ಲಿ ನಿಲ್ಲಲಾರದೆ ಆ ಕಾಯುವ ಮನೆಯ ಮೆಟ್ಟಿಲ ಮೇಲೆ ಹೋಗಿ ಕೂತಳಂತೆ. ಕತ್ತಲು. ಒಳಗಿನ ಬಸುರಿಯರಲ್ಲಿ ಒಬ್ಬಳು ಎದ್ದು ಬಂದು ಕೇಳಿದಳು, ಬಾಮಾಯೋ ಏನಾಯಿತು ಎಂದು. ಅವ್ವ ಬಲ್ಲಷ್ಟು ಬೆಂಬಾದಲ್ಲಿ, ನನ್ನ ಮಗಳು, ಈ ರಾತ್ರಿ, ದೂರ ಅಂದಳು. ಆ ಹೆಂಗಸು ಒಳಗೆ ಹೋಗಿ ಇನ್ನಿಬ್ಬರನ್ನು ಎಬ್ಬಿಸಿಕೊಂಡು ಬಂದಳು. ಆಮೇಲೆ ಮತ್ತಿಬ್ಬರು. ತುಂಬಿದ ಹೊಟ್ಟೆಯ ಐದು ಜನ ಹೆಂಗಸರು, ಬೆನ್ನು ನೋವಿನಲ್ಲಿ ಕೂರಲಾಗದೆ ಕೂತು, ಒಬ್ಬಳು ಸಣ್ಣ ದನಿಯಲ್ಲಿ ಹಾಡು ಎತ್ತಿ, ಬೆಳಕು ಹರಿಯುವವರೆಗೆ ಅವ್ವನ ಸುತ್ತ ಇದ್ದರಂತೆ. ಬೆಳಿಗ್ಗೆ ಅಪ್ಪ ಚಹಾ ತಗೊಂಡು ಹೋದಾಗ ಅವ್ವ ಒಬ್ಬಳ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು.

ನನ್ನ ಅವ್ವ ಅಲ್ಲಿ ಕೊಡೋದಕ್ಕೆ ಹೋಗಿದ್ದಾಳೆ, ನನ್ನ ಪಾಲಿನದನ್ನೇ ತೆಗೆದು ಅಲ್ಲಿ ಹಂಚುತ್ತಿದ್ದಾಳೆ ಎಂದು ನಾನು ಎಣಿಸಿದ್ದೆ. ಹೊಟ್ಟೆಯುರಿ ಇದ್ದದ್ದೂ ಅದಕ್ಕೇ. ಆದರೆ ನಾನು ನೋವು ತಿಂದ ರಾತ್ರಿ ನನ್ನ ಹೆತ್ತವಳನ್ನು ಕಾಯ್ದವರು ಅವರು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕೋಪ ಪೂರ್ತಿ ಹೋಗಿಬಿಟ್ಟಿತು ಎಂದು ಹೇಳಲಾರೆ. ಬಾಣಂತನಕ್ಕೆ ಅವ್ವ ಇರಬೇಕಿತ್ತು, ಈಗಲೂ ಅದೇ ನನ್ನ ಮಾತು. ಅವ್ವನಿಗೂ ಅದನ್ನು ಹೇಳಿದ್ದೇನೆ. "ಹೌದು, ಇರಬೇಕಾಗಿತ್ತು" ಅಂದಳು. ಸಮಜಾಯಿಷಿ ಕೊಡಲಿಲ್ಲ, ದೇವರ ಚಿತ್ತ ಎಂದು ದೇವರ ಮೇಲೆ ಹಾಕಲೂ ಇಲ್ಲ. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು, ಆರು ತಿಂಗಳು ತಡವಾಗಿ.

ವರಾಂಡ

ಅವರು ಬಂದದ್ದು 2025ರ ಜನವರಿಯಲ್ಲಿ. ಅಪ್ಪ ತೆಳ್ಳಗಾಗಿದ್ದ, ಎರಡು ಸಲ ಮಲೇರಿಯಾ ಬಂದು ಹೋಗಿತ್ತು. ಸೂಟ್‌ಕೇಸಿನಲ್ಲಿ ಚಿಟೆಂಗೆ ಬಟ್ಟೆಗಳಿದ್ದವು, ರೊಟ್ಟಿ ಹಂಚು ಇರಲಿಲ್ಲ. ಪಕ್ಕದ ಮನೆಯ ಹುಡುಗಿ ರೊಟ್ಟಿ ಬಡಿಯೋದು ಕಲಿತಿದ್ದಳಂತೆ, ಅವಳಿಗೆ ಕೊಟ್ಟು ಬಂದಿದ್ದರು. ಎದುರುಮನೆಯ ದೊಡ್ಡಮ್ಮ ಅವ್ವನ ಕೆನ್ನೆ ಸವರಿ, ಸೊರಗೀದಿ ನೋಡು ಅಂದು ಬೈದರು. ಬೀಗದ ಕೈ ವಾಪಸು ಕೊಟ್ಟೆ. ಚೀಲ ಹಗುರಾದದ್ದು ಹಲವು ದಿನ ನನಗೆ ಒಗ್ಗಲಿಲ್ಲ.

ಈಗ ಅವ್ವ ಗುರುವಾರ ಮಧ್ಯಾಹ್ನ ದೊಡ್ಡಾಸ್ಪತ್ರೆಗೆ ಹೋಗುತ್ತಾಳೆ. ಹೆರಿಗೆ ವಾರ್ಡಿನ ಹೊರಗೆ, ಒಳಗೆ ಬಿಡದ ಸಂಬಂಧಿಕರು ಚಾಪೆ ಹಾಸಿಕೊಂಡು, ಬುತ್ತಿ ಬಿಚ್ಚಿಕೊಂಡು, ಹೆಸರು ಕೂಗುವುದನ್ನು ಕಾಯುತ್ತಾ ಕೂರುವ ವರಾಂಡ ಇದೆಯಲ್ಲ, ಅಲ್ಲಿಗೆ. ಒಂದು ಸಲ ನಾನೂ ಜೊತೆಗೆ ಹೋದೆ. ಏನು ಮಾಡಬೇಕೆಂದು ತಿಳಿಯದೆ ನಿಂತಲ್ಲೇ ಫೋನು ತೆಗೆಯುವುದು, ಇಡುವುದು ಮಾಡುತ್ತಿದ್ದೆ. ಅವ್ವ ಚೀಲದಿಂದ ಹಸಿ ಶೇಂಗಾ ತೆಗೆದು ಸೆರಗಿಗೆ ಹಾಕಿಕೊಂಡು ಸುಲಿಯತೊಡಗಿದಳು. ಪಕ್ಕದಲ್ಲಿ ಕುರುಗೋಡು ಕಡೆಯ ಒಬ್ಬ ಮುದುಕಿ, ಸೊಸೆಯನ್ನು ಒಳಗೆ ಕಳಿಸಿ ಬೆಳಗಿನಿಂದ ನೀರೂ ಕುಡಿಯದೆ ಕೂತವಳು. ಬಹಳ ಹೊತ್ತು ಅವ್ವನನ್ನೇ ನೋಡಿ ಕೇಳಿದಳು:

"ನಿಮ್ಮೋರು ಯಾರವ್ವಾ ಒಳಗೆ?"

"ಯಾರೂ ಇಲ್ಲವ್ವಾ" ಎಂದಳು ಅವ್ವ. "ಹಂಗೇ ಕುಂತೀನಿ."

ಮುದುಕಿ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ತನ್ನ ಗಂಟು ಆಚೆ ಎಳೆದುಕೊಂಡು, ಚಾಪೆಯ ಈ ಅಂಚನ್ನು ಕೈಯಿಂದ ಸವರಿ, ನನ್ನ ಕಡೆ ನೋಡಿ ಅವ್ವನಿಗೆ, "ಈಕಿನ್ನ ಯಾಕ ನಿಲ್ಲಿಸೀಯವ್ವಾ, ಕುಂದರ್ಸು" ಎಂದಳು.